ಹಿಂದಿನ ಚಕ್ರ ಗುಂಯ್ ಅಂತಿದೆಯಾ? ಬೇರಿಂಗ್ ಬದಲಿಸುವ ಮುಂಚೆ ಇಷ್ಟು ನೋಡಿ

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಾಸರಗೋಡಿನ ಕಡೆ ಕಾರಿನವರ ಬಾಯಲ್ಲಿ ಒಂದು ದೂರು ಜಾಸ್ತಿ ಕೇಳುತ್ತದೆ. ವೇಗ ನಲವತ್ತು ದಾಟಿದ ಕೂಡಲೇ ಹಿಂದಿನಿಂದ ಗುಂಯ್ ಅನ್ನುವ ಸದ್ದು. ವೇಗ ಏರಿದರೆ ಸದ್ದೂ ಏರುತ್ತದೆ, ನಿಧಾನ ಮಾಡಿದರೆ ಇಳಿಯುತ್ತದೆ. ಹಾಡು ಹಾಕಿದರೆ ಕೇಳುವುದಿಲ್ಲ. ಹಾಗಾಗಿ ಸುಮಾರು ಜನ ಹಾಡು ಹಾಕಿಕೊಂಡೇ ತಿಂಗಳುಗಟ್ಟಲೆ ಓಡಿಸುತ್ತಾರೆ. ಕೊನೆಗೆ ಹಿಂದಿನ ಸೀಟಿನಲ್ಲಿ ಕೂತವರು ಕೇಳುತ್ತಾರೆ, "ಇದೆಂಥ ಸೌಂಡು ಮಾರಾಯ್ರೆ?"

ವರ್ಕ್‌ಶಾಪಿಗೆ ಹೋಗಿ "ಹಿಂದೆ ಸೌಂಡ್ ಉಂಟು" ಅಂದರೆ ಸಿಗುವ ಉತ್ತರ ಗೊತ್ತೇ ಇದೆಯಲ್ಲ: "ಬೇರಿಂಗ್ ಹೋಗಿದೆ." ಚಕ್ರ ಸಲೀಸಾಗಿ ತಿರುಗಲೆಂದು ಅದರ ನಡುವೆ ಕೂರಿಸಿದ, ಒಳಗೆ ಗುಂಡುಗಳಿರುವ ಉಕ್ಕಿನ ಬಳೆಯೇ ಬೇರಿಂಗ್. ಅದು ಹೋಗಿರುವುದು ನಿಜವೂ ಇರಬಹುದು. ಆದರೆ ಟಯರ್ ಕೂಡ ಥೇಟ್ ಇದೇ ಸದ್ದು ಮಾಡುತ್ತದೆ. ಅಂಟಿಕೊಂಡ ಬ್ರೇಕ್ ಇದಕ್ಕೆ ಹತ್ತಿರದ ಸದ್ದು ಮಾಡುತ್ತದೆ. ಬೊಲೆರೊ, ಜೀಪು, ಈಕೋ ತರಹದ ಗಾಡಿಯಾದರೆ ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಗೇರುಗಳ ಪೆಟ್ಟಿಗೆ) ಕೂಡ ಸಾಲಿಗೆ ಸೇರುತ್ತದೆ. ಬೇರಿಂಗ್ ಬದಲಿಸಿ, ಬಿಲ್ ಕೊಟ್ಟು, ಮನೆಗೆ ಬರುವ ದಾರಿಯಲ್ಲೇ ಮತ್ತೆ ಗುಂಯ್ ಅಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಮೊದಲೇ ಸ್ವಲ್ಪ ಹೊತ್ತು ಕೊಟ್ಟು ನೋಡಿದರೆ ಆ ಖರ್ಚು ಉಳಿಯುತ್ತದೆ.

ನೋಡುವ ಕ್ರಮದಲ್ಲಿ ಒಂದು ಮಾತು ನೆನಪಿಡಿ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಯನ್ನು ಕೇಳಬೇಡಿ. ಯಾವಾಗ ಬದಲಾಗುತ್ತದೆ ಎಂದು ಗಮನಿಸಿ. ಡಿಕ್ಕಿ ಮತ್ತು ಕ್ಯಾಬಿನ್ ಒಂದೇ ಆಗಿರುವ ಸಣ್ಣ ಕಾರುಗಳಲ್ಲಿ ಹಿಂದಿನ ಸದ್ದು ತಗಡಿನ ಮೂಲಕ ಎಲ್ಲೆಲ್ಲಿಗೋ ಹೋಗುತ್ತದೆ. ಎಡಗಡೆಯದು ಬಲಗಡೆ ಕೇಳಬಹುದು, ಹಿಂದಿನದು ಡ್ರೈವರ್ ಸೀಟಿನ ಕೆಳಗಿನಿಂದ ಬಂದ ಹಾಗೆ ಅನ್ನಿಸಬಹುದು. ಕಿವಿ ನಂಬಿ ಒಂದು ಬದಿಯ ಬೇರಿಂಗ್ ತೆಗೆಸಿದವರು ಆಮೇಲೆ ಇನ್ನೊಂದು ಬದಿಯದ್ದನ್ನೂ ತೆಗೆಸುತ್ತಾರೆ.

ಅಂಗಳದಲ್ಲೇ ಮೊದಲು ಟಯರ್ ನೋಡಿ

ಖರ್ಚಿಲ್ಲದ ಕೆಲಸ ಮೊದಲು. ಟಯರ್ ತಣ್ಣಗಿರುವಾಗ ನಾಲ್ಕಕ್ಕೂ ಗಾಳಿ ಸರಿಯಾಗಿ ಹಾಕಿಸಿ. ಎಷ್ಟು ಹಾಕಬೇಕು ಎನ್ನುವುದು ಡ್ರೈವರ್ ಬಾಗಿಲಿನ ಪಕ್ಕದ ಸ್ಟಿಕ್ಕರಿನಲ್ಲಿ ಇರುತ್ತದೆ. ಪಂಕ್ಚರ್ ಅಂಗಡಿಯ ಹುಡುಗನ ಅಂದಾಜು ಬೇಡ.

ಈಗ ಹಿಂದಿನ ಟಯರಿನ ಮೇಲೆ ಅಂಗೈ ಇಡಿ. ಟಯರ್ ಸುತ್ತುವ ದಿಕ್ಕಿಗೇ ಒಮ್ಮೆ ಸವರಿ, ಆಮೇಲೆ ಹಿಮ್ಮುಖವಾಗಿ ಸವರಿ. ಒಂದು ಕಡೆಗೆ ನುಣುಪಾಗಿ ಜಾರಿ, ಇನ್ನೊಂದು ಕಡೆಗೆ ಗರಗಸದ ಹಲ್ಲು ತಾಗಿದ ಹಾಗೆ ಕೈಗೆ ತಡೆದರೆ ನಿಮ್ಮ ಸದ್ದಿಗೆ ಕಾರಣ ಬಹುಶಃ ಅಲ್ಲೇ ಇದೆ. ಪ್ರತಿ ರಬ್ಬರ್ ಕಟ್ಟೆಯ ಒಂದು ಅಂಚು ಸವೆದು ತಗ್ಗಾಗಿರುತ್ತದೆ, ಇನ್ನೊಂದು ಅಂಚು ಎದ್ದು ನಿಂತಿರುತ್ತದೆ. ಆ ಅಂಚುಗಳು ಒಂದಾದ ಮೇಲೊಂದು ರಸ್ತೆಗೆ ಬಡಿಯುವಾಗಲೇ ಗುಂಯ್ ಅನ್ನುವುದು. ಒಳಬದಿಯ ಅಂಚನ್ನೂ ಮುಟ್ಟಿ ನೋಡಿ. ಹೊರಗಿನಿಂದ ಟಯರ್ ಹೊಸದರ ಹಾಗೆ ಕಂಡು, ಒಳಗೆ ಅಲೆಅಲೆಯಾಗಿ ಸವೆದಿರುವುದು ಅಪರೂಪವೇನಲ್ಲ.

ಇದು ಹಿಂದಿನ ಟಯರಿಗೇ ಯಾಕೆ ಜಾಸ್ತಿ? ನಮ್ಮ ಆಲ್ಟೊ, ಸ್ವಿಫ್ಟ್, ಐ10 ಎಲ್ಲವೂ ಮುಂದಿನ ಚಕ್ರದಿಂದ ಎಳೆಯುವ ಗಾಡಿಗಳು. ಮುಂದಿನ ಟಯರ್ ಬೇಗ ಸವೆಯುತ್ತದೆ, ಬದಲಾಗುತ್ತದೆ. ಹಿಂದಿನದು ಸುಮ್ನೆ ಉರುಳಿಕೊಂಡು ಬರುತ್ತದೆ. ಸವೆತ ಕಮ್ಮಿ ಎಂದು ಯಾರೂ ಅದನ್ನು ಮುಂದಕ್ಕೆ ಹಾಕಿಸುವುದಿಲ್ಲ. ವರ್ಷಗಟ್ಟಲೆ ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ ತಿರುಗಿದ ಟಯರ್ ಹೀಗೆ ಹಲ್ಲು ಬಿಡುತ್ತದೆ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದೆ ಮುಂದೆ ಬದಲಿಸಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರ್ ಸತ್ತಿದ್ದರೂ ಟಯರ್ ಕುಪ್ಪಳಿಸಿ ಅಲ್ಲಲ್ಲಿ ಹಳ್ಳ ಬೀಳುತ್ತದೆ. ಡಿಕ್ಕಿಯ ಮೂಲೆಯನ್ನು ಜೋರಾಗಿ ಒತ್ತಿ ಬಿಡಿ. ಗಾಡಿ ಒಮ್ಮೆ ಎದ್ದು ನಿಲ್ಲಬೇಕು. ಎರಡು ಮೂರು ಸಲ ತೂಗಾಡಿದರೆ, ಅಥವಾ ಶಾಕ್ ಮೇಲೆ ಎಣ್ಣೆ ಒಸರಿದ್ದರೆ, ಅದನ್ನು ಸರಿ ಮಾಡದೆ ಹೊಸ ಟಯರ್ ಹಾಕುವುದು ದಂಡ.

ಟಯರಿನ ವಯಸ್ಸನ್ನೂ ನೋಡಿ. ಬದಿಯಲ್ಲಿ DOT (ಡಾಟ್) ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೆ ರಬ್ಬರ್ ಗಟ್ಟಿಯಾಗಿ ಸದ್ದು ಜಾಸ್ತಿ ಮಾಡುತ್ತದೆ. ಬದಿಯಲ್ಲಿ ಗುಳ್ಳೆ ಎದ್ದಿದ್ದರೆ ಮಾತ್ರ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಸ್ಟೆಪ್ನಿ ಹಾಕಿಕೊಂಡು ನೇರ ಟಯರ್ ಅಂಗಡಿಗೆ ಹೋಗಿ.

ಗಲ್ಫಿನಿಂದ ರಜೆಗೆ ಬಂದವರಿಗೆ ಒಂದು ಮಾತು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರನ್ನು ಹೊರಗೆ ತೆಗೆದ ಮೊದಲ ದಿನ ಸದ್ದು ಬಂದೇ ಬರುತ್ತದೆ. ನೆಲಕ್ಕೆ ಒತ್ತಿದ್ದ ಭಾಗ ಚಪ್ಪಟೆಯಾಗಿ ಟಯರ್ ಧಬ್ ಧಬ್ ಅನ್ನುತ್ತದೆ. ಹಿಂದಿನ ಬ್ರೇಕ್ ಇರುವ ಡಬ್ಬಿಯ, ಅಂದರೆ ಡ್ರಮ್ಮಿನ, ಒಳಗೆ ತುಕ್ಕು ಹಿಡಿದು ಕರಕರ ಅನ್ನುತ್ತದೆ. ಉಪ್ಪಳ, ಮಂಜೇಶ್ವರದ ಹಾಗೆ ಸಮುದ್ರದ ಗಾಳಿ ಬಡಿಯುವ ಊರಾದರೆ ತುಕ್ಕು ಇನ್ನೂ ಬೇಗ. ಸ್ವಲ್ಪ ದೂರ ಓಡಿಸಿ, ನಾಲ್ಕು ಸಲ ಹದವಾಗಿ ಬ್ರೇಕ್ ಹಾಕಿ. ಹೆಚ್ಚಾಗಿ ಎರಡೂ ಹೋಗುತ್ತವೆ. ಹೋಗದಿದ್ದರೆ ಮುಂದೆ ಓದಿ.

ರಸ್ತೆಯಲ್ಲಿ ನಾಲ್ಕು ಪರೀಕ್ಷೆ

ಮಳೆ ಬಿಟ್ಟ ದಿನ, ವಾಹನ ಕಮ್ಮಿ ಇರುವ ಹೊತ್ತು ನೋಡಿಕೊಳ್ಳಿ. ಜೊತೆಗೆ ಒಬ್ಬರು ಬೇಕು. ಹಿಂದಿನ ಸೀಟಿನಲ್ಲಿ ಕೂತು ಕೇಳುವ ಕೆಲಸ ಅವರದ್ದು. ಎಸಿ, ಹಾಡು ಬಂದ್. ಗಾಜು ಏರಿಸಿರಲಿ.

ಮೊದಲನೆಯದು ರಸ್ತೆಯ ಮೇಲ್ಮೈ. ತಲಪಾಡಿ–ಚೆಂಗಳ ನಡುವಿನ ಆರು ಪಥದ ಹೆದ್ದಾರಿಯ ನುಣುಪು ಡಾಂಬರಿನಲ್ಲಿ ಐವತ್ತರಲ್ಲಿ ಹೋಗಿ ಸದ್ದು ಕೇಳಿ. ಆಮೇಲೆ ಒಳಗಿನ ಯಾವುದಾದರೂ ಜಲ್ಲಿ ಎದ್ದ ಹಳೆ ರಸ್ತೆಯಲ್ಲಿ, ಸಾಧ್ಯವಾದರೆ ಅದೇ ವೇಗದಲ್ಲಿ ಕೇಳಿ. ರಸ್ತೆ ಬದಲಾದ ಕೂಡಲೇ ಸದ್ದಿನ ಸ್ವರವೇ ಬೇರೆಯಾದರೆ ಟಯರ್ ಮೇಲೆ ಸಂಶಯ. ರಸ್ತೆ ಯಾವುದಾದರೂ ಒಳಗಿನಿಂದ ಅದೇ ರಾಗ ಕೇಳುತ್ತಾ ಇದ್ದರೆ ಬೇರಿಂಗ್ ಮೇಲೆ.

ಎರಡನೆಯದು ನ್ಯೂಟ್ರಲ್. ಸಪಾಟು, ನೇರ ರಸ್ತೆಯಲ್ಲಿ ಅರವತ್ತಕ್ಕೆ ಹೋಗಿ ಗೇರ್ ನ್ಯೂಟ್ರಲಿಗೆ ತನ್ನಿ. ಎಂಜಿನ್ ಓಡುತ್ತಲೇ ಇರಲಿ. ಕೀ ತಿರುಗಿಸಿ ಆಫ್ ಮಾಡಬೇಡಿ, ಸ್ಟೇರಿಂಗ್ ಲಾಕ್ ಬಿದ್ದರೆ ದೇವರೇ ಗತಿ, ಬ್ರೇಕೂ ಗಟ್ಟಿಯಾಗುತ್ತದೆ. ಎಂಜಿನ್ ಸದ್ದು ಇಳಿದರೂ ಗುಂಯ್ ಹಾಗೇ ಉಳಿದು, ವೇಗ ಇಳಿದಂತೆ ಮಾತ್ರ ಇಳಿದರೆ ಸದ್ದು ಚಕ್ರದ್ದೇ. ಆಕ್ಸಿಲರೇಟರ್ ಬಿಟ್ಟ ಕೂಡಲೇ ನಿಂತರೆ ಹುಡುಕಬೇಕಾದ್ದು ಬೇರೆ ಕಡೆ.

ಮೂರನೆಯದೇ ಮುಖ್ಯ, ತಿರುವು. ಇದಕ್ಕೆ ನಮ್ಮ ಜಿಲ್ಲೆಯಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಚೆರ್ಕಳದಿಂದ ಬೋವಿಕ್ಕಾನ, ಮುಳ್ಳೇರಿಯ ಕಡೆಗೆ ಹೋದರೆ ತಿರುವಿನ ಮೇಲೆ ತಿರುವು. ಎಡಕ್ಕೆ ತಿರುಗುವಾಗ ಗಾಡಿಯ ಭಾರ ಬಲಗಡೆಯ ಚಕ್ರಕ್ಕೆ ಬೀಳುತ್ತದೆ, ಬಲಕ್ಕೆ ತಿರುಗುವಾಗ ಎಡಗಡೆಗೆ. ಹಾಳಾದ ಬೇರಿಂಗ್ ಸಾಮಾನ್ಯವಾಗಿ ಭಾರ ಬಿದ್ದಾಗ ಜಾಸ್ತಿ ಕೂಗುತ್ತದೆ. ಎಡ ತಿರುವಿನಲ್ಲಿ ಸದ್ದು ಏರಿ, ಬಲ ತಿರುವಿನಲ್ಲಿ ಇಳಿದರೆ ಬಲ ಹಿಂದಿನದನ್ನು ಮೊದಲು ಬರೆದಿಡಿ. ವೇಗ ಬೇಡ. ಸಾಧಾರಣವಾಗಿ ಹೋಗುವ ವೇಗದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಹೆದ್ದಾರಿಯಲ್ಲಿ ಸ್ಟೇರಿಂಗ್ ಆಚೆ ಈಚೆ ಆಡಿಸಿ ನೋಡುವ ವಿಡಿಯೋಗಳು ಸುಮಾರು ಇವೆ. ನಮ್ಮಲ್ಲಿ ಹಿಂದಿನಿಂದ ಬರುವ ಬಸ್ಸಿನವರಿಗೆ ಅದರ ಅರ್ಥ ಆಗುವುದಿಲ್ಲ, ಬಿಟ್ಟುಬಿಡಿ. ಮುಂದಿನ ಚಕ್ರದಲ್ಲಿ ಈ ಏರಿಳಿತ ಸ್ಪಷ್ಟವಾಗಿ ಕೇಳುತ್ತದೆ, ಹಿಂದಿನದರಲ್ಲಿ ಸ್ವಲ್ಪ ಮಂದ. ಅದಕ್ಕೇ ಹಿಂದಿನ ಸೀಟಿನ ಕಿವಿ ಬೇಕು ಅಂದದ್ದು. ಡಿಕ್ಕಿಯಲ್ಲಿ ಎರಡು ಮೂಟೆ ಅಡಿಕೆ ಇರುವ ದಿನ ಸದ್ದು ಏರುತ್ತದೆ ಎಂದಾದರೆ ಅದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ನಾಲ್ಕನೆಯದು ಬ್ರೇಕ್. ಸದ್ದು ಬರುವಾಗ ಪೆಡಲನ್ನು ಮೆಲ್ಲ ಮುಟ್ಟಿ. ಸದ್ದು ಪಕ್ಕನೆ ನಿಂತರೆ, ಅಥವಾ ಕಿರ್ ಎಂದು ಬದಲಾದರೆ ಡ್ರಮ್ ಒಳಗೆ ನೋಡಬೇಕು. ಮನೆಗೆ ಬಂದು ನಿಲ್ಲಿಸಿದ ಕೂಡಲೇ ಎರಡೂ ಹಿಂದಿನ ಚಕ್ರದ ಹತ್ತಿರ ಅಂಗೈಯ ಹಿಂಬದಿ ಹಿಡಿದು ಬಿಸಿ ಹೋಲಿಸಿ. ಮುಟ್ಟಬೇಡಿ, ಸುಡಬಹುದು. ಒಂದು ಬದಿ ಎದ್ದು ಕಾಣುವಷ್ಟು ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು ಅಥವಾ ಬೇರಿಂಗ್ ಬಿಸಿಯಾಗುತ್ತಿರಬಹುದು. ಮಳೆಯಲ್ಲಿ ಓಡಿಸಿ ಬಂದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ, ನೀರು ಎರಡನ್ನೂ ತಣಿಸಿರುತ್ತದೆ.

ಟಯರೋ ಬೇರಿಂಗೋ ಎಂದು ಇನ್ನೂ ಗೊಂದಲ ಇದ್ದರೆ ಒಂದು ಉಪಾಯ ಉಂಟು. ಪಂಕ್ಚರ್ ಅಂಗಡಿಗೆ ಹೋಗಿ ಹಿಂದಿನ ಎರಡು ಚಕ್ರ ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕಿಸಿ. ಟಯರಿನಲ್ಲಿ ಬಾಣದ ಗುರುತಿದ್ದರೆ ಅದೇ ಬದಿಯಲ್ಲೇ ಹಿಂದೆ ಮುಂದೆ ಮಾಡಿ, ಅಡ್ಡ ಬದಲಿಸಬೇಡಿ. ಸದ್ದು ಮುಂದಕ್ಕೆ ಬಂದರೆ, ಅಥವಾ ಅದರ ಸ್ವರ ಬದಲಾದರೆ, ಟಯರ್. ಒಂದಿಷ್ಟೂ ಬದಲಾಗದಿದ್ದರೆ ಬೇರಿಂಗ್. ಇಷ್ಟು ಸ್ಪಷ್ಟ ಉತ್ತರ ಕೊಡುವ ಪರೀಕ್ಷೆ ಇಷ್ಟು ಅಗ್ಗಕ್ಕೆ ಇನ್ನೊಂದಿಲ್ಲ.

ಜಾಕಿ ಹಾಕಿ ನೋಡುವುದು

ಈ ಕೆಲಸಕ್ಕೆ ಗಟ್ಟಿ ನೆಲ ಬೇಕು. ನಮ್ಮ ಅಂಗಳಗಳು ಒಂದೋ ಇಳಿಜಾರು, ಇಲ್ಲವೇ ಮಳೆ ನೀರು ಕುಡಿದು ಮೆತ್ತಗಾದ ಕೆಂಪು ಮಣ್ಣು. ಎರಡೂ ಜಾಕಿಗೆ ಆಗುವುದಿಲ್ಲ. ಸಪಾಟು ಕಾಂಕ್ರೀಟ್ ಸಿಗದಿದ್ದರೆ ಈ ಭಾಗವನ್ನು ವರ್ಕ್‌ಶಾಪಿಗೇ ಬಿಡಿ.

ಹಿಂದಿನ ಚಕ್ರ ತಿರುಗಬೇಕಾದರೆ ಹ್ಯಾಂಡ್‌ಬ್ರೇಕ್ ಇಳಿಸಲೇಬೇಕು. ಹಾಗಾಗಿ ಗಾಡಿ ಹಿಡಿದು ನಿಲ್ಲಿಸುವುದು ಮುಂದಿನ ಚಕ್ರದ ಕೆಲಸ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡು ಕೊಡಿ. ಮುಂದಿನ ಚಕ್ರದಿಂದ ಎಳೆಯುವ ಕಾರಾದರೆ ಫಸ್ಟ್ ಗೇರಿನಲ್ಲಿ ನಿಲ್ಲಿಸಿ. ಬೊಲೆರೊ, ಜೀಪಿನವರು ಇಲ್ಲಿ ಹುಷಾರಾಗಿರಬೇಕು. ಹಿಂದಿನ ಚಕ್ರದಿಂದ ತಳ್ಳುವ ಗಾಡಿಯಲ್ಲಿ ಒಂದು ಹಿಂದಿನ ಚಕ್ರ ಎತ್ತಿದರೆ ಗೇರ್ ಗಾಡಿಯನ್ನು ಹಿಡಿಯುವುದಿಲ್ಲ. ಡಿಫರೆನ್ಷಿಯಲ್ ಎತ್ತಿದ ಚಕ್ರವನ್ನು ಸುಮ್ನೆ ತಿರುಗಲು ಬಿಡುತ್ತದೆ, ಗಾಡಿ ಉರುಳುತ್ತದೆ. ಅಲ್ಲಿ ಆಧಾರ ಏನಿದ್ದರೂ ಮುಂದಿನ ಚಕ್ರದ ಕಲ್ಲೇ. ಎಲ್ಲ ಗಾಡಿಗೂ ಜಾಕಿಯ ಜೊತೆ ಸ್ಟ್ಯಾಂಡ್ ಕೊಡಿ, ಗಾಡಿಯ ಅಡಿಗೆ ತಲೆ ಹಾಕಬೇಡಿ.

ಚಕ್ರ ನೆಲ ಬಿಟ್ಟ ಮೇಲೆ ಮೇಲಿನಿಂದ ಒಂದು ಕೈ, ಕೆಳಗಿನಿಂದ ಒಂದು ಕೈ ಹಿಡಿದು ಒಳಗೆ ಹೊರಗೆ ಅಲುಗಿಸಿ. ಆಮೇಲೆ ಎಡ ಬಲ ಹಿಡಿದು ಅಲುಗಿಸಿ. ಟಕ್ ಟಕ್ ಎಂದು ಆಡಿದರೆ ಬೇರಿಂಗ್ ಪ್ಲೇ ಬಂದಿದೆ, ಅಂದರೆ ಸಡಿಲವಾಗಿದೆ. ಹಿಂದಿನ ಚಕ್ರಕ್ಕೆ ಸ್ಟೇರಿಂಗ್ ಜಾಯಿಂಟ್ ಇಲ್ಲದ್ದರಿಂದ ಅನುಮಾನ ಬೇರಿಂಗಿನಿಂದ ಸಸ್ಪೆನ್ಷನ್ನಿನ ರಬ್ಬರ್ ಬುಶ್ ತನಕ ಮಾತ್ರ. ಆದರೆ ಆಡುವುದಿಲ್ಲ ಎಂದ ಮಾತ್ರಕ್ಕೆ ಬೇರಿಂಗ್ ಸರಿ ಇದೆ ಎಂದಲ್ಲ. ಸದ್ದು ಮೊದಲು ಬರುತ್ತದೆ, ಪ್ಲೇ ಬಹಳ ಆಮೇಲೆ.

ಹಾಗಾಗಿ ಇನ್ನೊಂದು ಮಾಡಿ. ಒಂದು ಕೈಯಿಂದ ಚಕ್ರವನ್ನು ಜೋರಾಗಿ ತಿರುಗಿಸಿ, ಇನ್ನೊಂದು ಕೈಯ ಬೆರಳುಗಳನ್ನು ಸಸ್ಪೆನ್ಷನ್ನಿನ ಸ್ಪ್ರಿಂಗ್ ಮೇಲೆ ಹಗುರವಾಗಿ ಇಡಿ. ಒಳ್ಳೆ ಬೇರಿಂಗ್ ತಿರುಗುವಾಗ ಸ್ಪ್ರಿಂಗಿಗೆ ಏನೂ ಗೊತ್ತಾಗುವುದಿಲ್ಲ. ಹಾಳಾದದ್ದಾದರೆ ಗರಗರ ಅನ್ನುವ ಸಣ್ಣ ನಡುಕ ಬೆರಳ ತುದಿಗೆ ಬರುತ್ತದೆ, ಕಿವಿಗೆ ಕೇಳದಿದ್ದರೂ. ಅದೇ ಕೆಲಸ ಇನ್ನೊಂದು ಬದಿಗೂ ಮಾಡಿ, ಎರಡನ್ನೂ ಹೋಲಿಸಿದರೇ ಗೊತ್ತಾಗುವುದು. ತಿರುಗುವಾಗ ಒಂದು ಜಾಗದಲ್ಲಿ ಮಾತ್ರ ಸರ್ ಸರ್ ಎಂದು ಉಜ್ಜಿದರೆ ಅದು ಬ್ರೇಕ್ ಶೂ, ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ತುಂಡು. ಬಿಟ್ಟ ಕೂಡಲೇ ಚಕ್ರ ನಿಂತರೆ ಶೂ ಪೂರ್ತಿ ಹಿಡಿದಿದೆ. ಕೇಬಲ್ ತುಕ್ಕು ಹಿಡಿದು ಹ್ಯಾಂಡ್‌ಬ್ರೇಕ್ ಪೂರ್ತಿ ಬಿಡದಿರುವುದು ನಮ್ಮ ಮಳೆಗಾಲದಲ್ಲಿ ಸಾಮಾನ್ಯ. ದಿನಗಟ್ಟಲೆ ನಿಲ್ಲಿಸುವುದಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವುದು ಒಳ್ಳೆಯದು.

ಬೊಲೆರೊ, ಇನೋವಾ ಕ್ರಿಸ್ಟಾ, ಈಕೋ ಇದ್ದವರಿಗೆ

ಇವುಗಳಲ್ಲಿ ಡಿಫರೆನ್ಷಿಯಲ್ ಸದ್ದು ಆಕ್ಸಿಲರೇಟರ್ ಜೊತೆ ಬದಲಾಗುತ್ತದೆ. ಒತ್ತಿದಾಗ ಕೂಂಯ್ ಎಂದು, ಬಿಟ್ಟಾಗ ನಿಂತರೆ, ಅಥವಾ ತಿರುಗುಮುರುಗಾದರೆ ಅದರ ಒಳಗಿನ ಕ್ರೌನ್, ಪಿನಿಯನ್ ಗೇರುಗಳನ್ನು ನೋಡಿಸಬೇಕು. ಆಕ್ಸಿಲರೇಟರ್ ಹೇಗಿದ್ದರೂ ಒಂದೇ ಸಮ ಗುಂಯ್ ಅಂದರೆ ಆಕ್ಸಲಿನ ಬೇರಿಂಗ್ ಮೇಲೆ ಸಂಶಯ. ಮೊದಲು ಡಿಫರೆನ್ಷಿಯಲ್ ಹೌಸಿಂಗಿನ (ಹೊರಕವಚದ) ಎಣ್ಣೆ ಮಟ್ಟ ನೋಡಿ. ಎಣ್ಣೆ ಕಮ್ಮಿಯಾಗಿ, ಚಕ್ರದ ಒಳಬದಿಯಲ್ಲಿ ಒದ್ದೆ ಕಂಡರೆ ಸೀಲ್ ಹೋಗಿದೆ. ಆ ಎಣ್ಣೆ ಬ್ರೇಕ್ ಶೂಗೆ ತಾಗಿದರೆ ಆ ಬದಿ ಬ್ರೇಕ್ ಹಿಡಿಯುವುದಿಲ್ಲ. ಇದನ್ನು ಮುಂದೂಡಬೇಡಿ.

ಬೇರಿಂಗೇ ಎಂದಾದ ಮೇಲೆ

ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರು ನಮ್ಮದು. ನೀರು ನಿಂತ ಹೊಂಡಕ್ಕೆ ಬಿದ್ದಾಗ ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಹೊಡೆತಕ್ಕೆ ಬೇರಿಂಗಿನ ಉಕ್ಕಿನ ಬಳೆಯಲ್ಲಿ ಗುಂಡಿನ ಅಚ್ಚು ಬೀಳುತ್ತದೆ. ಸವೆದ ಸೀಲಿನ ಎಡೆಯಿಂದ ಕೆಂಪು ನೀರು ಒಳಗೆ ಹೋಗುತ್ತದೆ. ವಾಷಿಂಗಿನವರು ಜೋರಿನ ಪೈಪನ್ನು ನೇರ ಹಬ್ಬಿಗೇ (ಚಕ್ರದ ನಡುಭಾಗಕ್ಕೇ) ಹಿಡಿಯುವುದೂ ಒಳ್ಳೆಯದಲ್ಲ. ಒಮ್ಮೆ ಗುಂಡಿ ಬಿದ್ದ ಬೇರಿಂಗ್ ಗ್ರೀಸ್ ತುಂಬಿದರೆ ಸರಿಯಾಗುವುದಿಲ್ಲ. ಬದಲಿಸಲೇಬೇಕು. ಆದರೆ ಹೋದ ಬದಿಯದ್ದನ್ನು ಮಾತ್ರ ಬದಲಿಸಿದರೆ ಸಾಕು, ಶಾಕ್ ಅಬ್ಸಾರ್ಬರಿನ ಹಾಗೆ ಜೋಡಿ ಬೇಡ.

ಸಣ್ಣಗೆ ಗುಂಯ್ ಅನ್ನುವ ಹಂತದಲ್ಲಿದ್ದರೆ ಮೆಲ್ಲ ಓಡಿಸಿಕೊಂಡು ಹತ್ತಿರದ ವರ್ಕ್‌ಶಾಪಿಗೆ ಹೋಗಬಹುದು. ಮಂಗಳೂರಿಗೆ ಮದುವೆಗೆ ಹೋಗಿ ಬಂದ ಮೇಲೆ ನೋಡುವ ಎನ್ನುವ ಯೋಚನೆ ಬೇಡ. ಸದ್ದು ಗೊರಗೊರ ಎಂದು ಒರಟಾಗಿದ್ದರೆ, ಚಕ್ರ ಆಡುತ್ತಿದ್ದರೆ, ಸುಟ್ಟ ಗ್ರೀಸಿನ ವಾಸನೆ ಬಂದರೆ ಒಂದು ಕಿಲೋಮೀಟರೂ ಓಡಿಸಬೇಡಿ, ಗಾಡಿ ಎತ್ತಿಕೊಂಡು ಹೋಗುವವರನ್ನು ಕರೆಸಿ. ಬೇರಿಂಗ್ ಜಾಮ್ ಆದರೆ ಚಕ್ರವೇ ಕಳಚಿ ಹೋಗಬಹುದು.

ಕೆಲಸ ಕೊಡುವಾಗ ಎರಡು ಮೂರು ಸಂಗತಿ ಕೇಳಿ. ನಿಮ್ಮ ಕಾರಿನ ಬೇರಿಂಗ್ ಹಬ್ಬಿನೊಂದಿಗೆ ಸೇರಿ ಬರುತ್ತದೋ, ಡ್ರಮ್ ಒಳಗೆ ಒತ್ತಿ ಕೂರಿಸುವಂಥದ್ದೋ? ಸೇರಿ ಬರುವಂಥದ್ದಾದರೆ ಬೋಲ್ಟ್ ಬಿಚ್ಚಿ ಕಟ್ಟುವ ಕೆಲಸ. ಒತ್ತಿ ಕೂರಿಸುವಂಥದ್ದಾದರೆ ಪ್ರೆಸ್ ಬೇಕು. ಸುತ್ತಿಗೆಯಿಂದ ಬಡಿದು ಕೂರಿಸಿದ ಹೊಸ ಬೇರಿಂಗಿಗೆ ಹುಟ್ಟಿದ ದಿನವೇ ಗುಂಡಿ ಬೀಳುತ್ತದೆ. ಅಂಗಡಿಯಲ್ಲಿ ಪ್ರೆಸ್ ಇಲ್ಲದಿದ್ದರೆ ಲೇತ್‌ನವರ ಹತ್ತಿರ ಒತ್ತಿಸಿ ತರಲಿ.

ಎಬಿಎಸ್, ಅಂದರೆ ಬ್ರೇಕ್ ಹಾಕುವಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ, ಅದರ ಬಗ್ಗೆಯೂ ಕೇಳಿ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಹಲವು ಕಾರುಗಳಲ್ಲಿ ಚಕ್ರದ ವೇಗ ಅಳೆಯುವ ಅಯಸ್ಕಾಂತದ ಪಟ್ಟಿ ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಇರುತ್ತದೆ. ನೋಡಲು ಎರಡೂ ಬದಿ ಒಂದೇ ತರ. ತಿರುಗುಮುರುಗು ಕೂರಿಸಿದರೆ ಸದ್ದು ಹೋಗುತ್ತದೆ, ಆದರೆ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಹತ್ತುತ್ತದೆ, ಮತ್ತೆ ಬಿಚ್ಚಬೇಕು. ಆಕ್ಸಲಿನ ದೊಡ್ಡ ನಟ್ಟು ಹೊಸದೇ ಹಾಕಿಸಿ, ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿಯಾಯಿತು ಎಂದು ತೋರಿಸುವ ಪಾನದಲ್ಲಿ) ಬಿಗಿ ಮಾಡಲು ಹೇಳಿ. ಸಾಮಾನಿಗೆ ಬಿಲ್ ಕೇಳಿ ಪಡೆಯಿರಿ. ಬೇರಿಂಗಿನಲ್ಲಿ ನಕಲಿ ಧಾರಾಳ ಉಂಟು.

ಹಳೆ ಬೇರಿಂಗನ್ನು ಕೇಳಿ ಇಸ್ಕೊಳ್ಳಿ. ಬೆರಳು ಹಾಕಿ ಒಳಬಳೆಯನ್ನು ಮೆಲ್ಲ ತಿರುಗಿಸಿ. ಅಲ್ಲಲ್ಲಿ ತಡೆದು ತಡೆದು ತಿರುಗಿದರೆ ಮೆಕ್ಯಾನಿಕ್ ಹೇಳಿದ್ದು ಸರಿ. ಸೀಲನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ನೋಡಿ. ನೀರು ಹೊಕ್ಕಿದ್ದರೆ ಗ್ರೀಸ್ ಹಾಲು ಬೆರೆತ ಬಣ್ಣಕ್ಕೆ ತಿರುಗಿರುತ್ತದೆ, ಅಂಚಿನಲ್ಲಿ ತುಕ್ಕು. ಒರೆಸಿದರೆ ಗುಂಡು ಓಡುವ ಹಾದಿಯಲ್ಲಿ ಉಕ್ಕಿನ ಚಕ್ಕೆ ಎದ್ದ ಗುರುತು ಕಾಣಬೇಕು. ಏನೂ ಇಲ್ಲದೆ ನುಣ್ಣಗೆ ತಿರುಗುವ ಬೇರಿಂಗ್ ಕೈಗೆ ಬಂದು, ಸದ್ದು ಹಾಗೇ ಇದ್ದರೆ ಇನ್ನೊಂದು ಬದಿ ಬಿಚ್ಚಿಸುವ ಮೊದಲು ಮತ್ತೆ ಟಯರಿಗೆ ಅಂಗೈ ಇಟ್ಟು ನೋಡಿ.

ಹೊಸದು ಹಾಕಿಸಿದ ಮೇಲೆ ಅದೇ ತಿರುವುಗಳಲ್ಲಿ, ಅದೇ ವೇಗದಲ್ಲಿ ಒಮ್ಮೆ ಓಡಿಸಿ. ಐವತ್ತು ನೂರು ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.